ನಾನು ಬೇಡವೆಂದ ಪೌಡರ್

ಮಂಗಳವಾರ, ಬೆಳಿಗ್ಗೆ
ಅಡುಗೆಮನೆಯ ಮೇಜಿನಿಂದ

ಡಂಗುರಮ್ಮನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ನಿನಗೆ ಕಾಣಲಿ ಎಂದೇ ಒಂದೇ ಗೆರೆ ಎಳೆದಿದ್ದೇನೆ.

ನಿನ್ನ ಫೋನನ್ನು ಬೇಕೆಂದೇ ಎತ್ತುತ್ತಿಲ್ಲ. ಅಕ್ಕ ಮಲಗಿರಬೇಕು, ಸ್ನಾನಕ್ಕೆ ಹೋಗಿರಬೇಕು ಎಂದೆಲ್ಲ ನಿನ್ನ ಗಂಡನ ಹತ್ತಿರ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಬೇಡ. ಫೋನನ್ನು ಎದುರಿಗೇ ಇಟ್ಟುಕೊಂಡು, ಅದು ಗುಂಯ್‌ಗುಟ್ಟುತ್ತಾ ಮೇಜಿನ ಮೇಲೆ ಏಡಿಯ ಹಾಗೆ ಅಡ್ಡಡ್ಡ ಸರಿಯುವುದನ್ನು ನೋಡುತ್ತಾ ಕೂತಿರುತ್ತೇನೆ. ಎತ್ತಿದರೆ ನೀನು ಅಳುತ್ತೀಯ. ನೀನು ಅತ್ತರೆ ನಾನು ‘ಹೋಗಲಿ ಬಿಡು’ ಅನ್ನುತ್ತೇನೆ. ನೀನು ತೊಟ್ಟಿಲಲ್ಲಿದ್ದಾಗಿನಿಂದ ನಮ್ಮಿಬ್ಬರದು ಇದೇ ಕಥೆ. ಈ ಸಲ ಹೋಗಲಿ ಬಿಡುವ ಮಾತಿಲ್ಲ. ಕಾಗದಕ್ಕೆ ಅಳು ಕೇಳಿಸುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನಗೆ ಡಂಗುರ ಎಂದು ಹೆಸರಿಟ್ಟವಳು ನಾನೇ. ಅಪ್ಪ ಕಟ್ಟಿಸಿಕೊಂಡ ಹಲ್ಲುಸೆಟ್ಟು ಅಪ್ಪನ ಬಾಯಿಗೆ ಹೋಗುವ ಮೊದಲೇ ಬೀದಿಗೆಲ್ಲ ಗೊತ್ತಾಗಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ, ನಾನು ಗೊರಕೆ ಹೊಡೆಯುತ್ತೇನೆ ಎಂಬ ಸುದ್ದಿ ವರ್ಕ್‌ಶಾಪಿನ ಯಜಮಾನನ ತನಕ ತಲುಪಿತ್ತು. ನಿನ್ನ ಹೊಟ್ಟೆಯಲ್ಲಿ ಒಂದು ಮಾತು ಒಂದು ಊಟದಷ್ಟು ಹೊತ್ತೂ ನಿಂತದ್ದಿಲ್ಲ. ಅಂಥವಳು ಜನ್ಮದಲ್ಲಿ ಒಂದೇ ಒಂದು ಗುಟ್ಟು ಕಾಪಾಡಿಕೊಂಡು ಬಂದೆ. ಅದೂ ಎಲ್ಲಿ, ನನ್ನ ಪಕ್ಕೆಲುಬಿನ ಒಳಗೆ!

ಸರ್ಜನ್ ಎಲ್ಲವನ್ನೂ ಹೇಳಿದ್ದಾರೆ. ನೀನು ಏನು ಮಾಡಿದೆ ಎಂಬುದು ನನಗೆ ಗೊತ್ತು. ಅದರಿಂದ ಏನೇನಾಯಿತು ಎಂಬುದು ನಿನಗೆ ಗೊತ್ತಿಲ್ಲ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ನೆನಪಿಲ್ಲ ಅನ್ನುವ ದಾರಿ ನಿನಗೆ ಸಿಗಬಾರದು.

ನಿಮ್ಮೂರಿನ ಆ ಆಸ್ಪತ್ರೆಯ ಎರಡನೇ ಮಹಡಿ. ಕಿಟಕಿಯ ಪಕ್ಕದ ಹಾಸಿಗೆ. ಎರಡು ದಿಂಬಿಗೆ ಒರಗಿ ಕೂತರೂ ನನಗೆ ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲುತ್ತಿರಲಿಲ್ಲ. ಸರ್ಜನ್ ಬಂದು ಹಾಸಿಗೆಯ ತುದಿಯಲ್ಲಿ ಕೂತು, ಕಾಗದದ ಮೇಲೆ ಎದೆಯ ಚಿತ್ರ ಬರೆದು ತೋರಿಸಿದರು. ಶ್ವಾಸಕೋಶಕ್ಕೂ ಪಕ್ಕೆಲುಬಿಗೂ ನಡುವೆ ಎರಡು ತೆಳು ಪದರ ಇರುತ್ತವಂತೆ. ಕೋಟಿನ ಒಳಗೆ ಲೈನಿಂಗ್ ಬಟ್ಟೆ ಇದ್ದ ಹಾಗಾ ಎಂದು ನಾನು ಕೇಳಿದೆ, ಅವರು ಹೌದು ಅಂದರು. ಆ ಲೈನಿಂಗಿಗೇ ಕ್ಯಾನ್ಸರ್. ಎರಡು ಪದರದ ನಡುವೆ ನೀರು ತುಂಬಿದೆ. ಏನು ಕೆಲಸ ಮಾಡ್ತಿದ್ರಿ ಎಂದು ಕೇಳಿದರು. ಗಾಜಿನ ಕಾರ್ಖಾನೆಯ ಕುಲುಮೆ ಕೆಲಸದವರಿಗೆ ಬೆಂಕಿ ತಡೆಯುವ ಕೈಗವಸು ಹೊಲಿಯುತ್ತಿದ್ದೆ, ಕಲ್ನಾರಿನ, ಅಂದರೆ ಆಸ್ಬೆಸ್ಟಸ್ ಬಟ್ಟೆಯಲ್ಲಿ, ಅಂದೆ. ಅವರು ಪೆನ್ನು ಕೆಳಗಿಟ್ಟರು. ಆ ಬಟ್ಟೆಯ ಧೂಳೇ ಕಾರಣ ಅಂದರು.

ಆಮೇಲೆ ಪೌಡರ್ ಮಾತು ಬಂತು. ಅರಿವಳಿಕೆ ಕೊಟ್ಟು, ಸಣ್ಣ ರಂಧ್ರ ಮಾಡಿ, ನೀರನ್ನೆಲ್ಲ ತೆಗೆದು, ಕ್ಯಾನ್ಸರ್ ಯಾವ ಬಗೆಯದು ಎಂದು ತಿಳಿಯಲು ಒಂದು ಚೂರು ಪರೀಕ್ಷೆಗೆ ಕತ್ತರಿಸಿಕೊಳ್ಳುತ್ತಾರೆ. ಹಾಗೇ ಪದರಗಳ ನಡುವೆ ಬಿಳಿ ಪೌಡರ್ ಊದಿದರೆ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮತ್ತೆ ನೀರು ನಿಲ್ಲಲು ಜಾಗವೇ ಇರುವುದಿಲ್ಲ. ಇದಿಷ್ಟು ಅವರು ಹೇಳಿದ್ದು. ನಾನು ಏನಂದೆ ಎಂಬುದು ನಿನಗೆ ನೆನಪಿದೆ, ಯಾಕೆಂದರೆ ನೀನು ನನ್ನ ಚಪ್ಪಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಉಸಿರಿಲ್ಲದಿದ್ದರೂ ಗಟ್ಟಿಯಾಗಿಯೇ ಹೇಳಿದೆ. “ಅರ್ಧ ಆಯುಸ್ಸು ಧೂಳು ಕುಡಿದೇ ಈ ಗತಿ ಬಂದಿದೆ. ಈಗ ನೀವು ಬೇರೆ ಒಂದು ಹಿಡಿ ಒಳಗೆ ಸುರೀತೀರಾ? ಬೇಡ ಅಂದ್ರೆ ಬೇಡ.” ಅವರು ಮತ್ತೊಮ್ಮೆ ವಿವರಿಸಿದರು, ಇದು ಶುದ್ಧ ಪೌಡರ್, ಇದರಿಂದ ಅಪಾಯವಿಲ್ಲ ಎಂದು. ನಾನು ಮತ್ತೊಮ್ಮೆ ಬೇಡ ಅಂದೆ. “ಸರಿ ತಾಯಿ, ನಿಮ್ಮಿಷ್ಟ,” ಅಂದು ಎದ್ದುಹೋದರು. ನನ್ನ ಎದೆ, ನನ್ನ ಇಷ್ಟ. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡು ನಾನು ಮಲಗಿದೆ.

ಮುಗಿದಿರಲಿಲ್ಲ. ನಾನು ಒಳಗೆ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಗ ಆ ಮನುಷ್ಯ ಬಾಗಿಲು ತೆಗೆದು ಹೊರಗೆ ಬಂದು, ಬಕೆಟ್ಟುಗಟ್ಟಲೆ ನೀರು ಬಂದಿದೆ, ಹೀಗೇ ಬಿಟ್ಟರೆ ಮತ್ತೆ ತುಂಬುತ್ತದೆ, ಪೌಡರ್ ಹಾಕುವುದಾದರೆ ಈಗಲೇ ಎಂದು ನಿನ್ನನ್ನು ಕೇಳಿದರಂತೆ. ನೀನು ಒಂದು ಕ್ಷಣವೂ ಯೋಚಿಸಲಿಲ್ಲವಂತೆ. “ಹಾಕ್ಬಿಡಿ ಡಾಕ್ಟ್ರೇ, ಅವಳಿಗೆ ನಾನು ಹೇಳ್ಕೋತೀನಿ,” ಅಂದೆಯಂತೆ. ಏನು ಹೇಳಿಕೊಂಡೆ? ಯಾವಾಗ ಹೇಳಿಕೊಂಡೆ? ಎಚ್ಚರವಿದ್ದಾಗ ಬೇಡ ಅಂದವಳು ನಿದ್ದೆಯಲ್ಲಿ ಹೂಂ ಅಂದಳು ಎಂದು ನೀವಿಬ್ಬರೂ ಲೆಕ್ಕ ಹಾಕಿದಿರಾ? ಆ ಸರ್ಜನ್ನನ್ನೂ ನಾನು ಬಿಟ್ಟಿಲ್ಲ, ಫೋನಿನಲ್ಲೇ ಚೆನ್ನಾಗಿ ಜಾಡಿಸಿದ್ದೇನೆ. ಆದರೆ ಅವರು ಹೊರಗಿನವರು. ನೀನು ನನ್ನ ಕೈಯಲ್ಲಿ ಬೆಳೆದವಳು.

ಎಚ್ಚರವಾದ ಮೇಲೆ ನನಗೆ ಚಳಿಜ್ವರ ಬಂತು. ಎದೆಯೊಳಗೆ ಯಾರೋ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆ ನೋವು. ಬರೀ ನೀರು ತೆಗೆದರೆ ಇಷ್ಟು ನೋವಾಗುತ್ತದಾ ಎಂದು ಕೇಳಿದರೆ, ನೀನು ನನ್ನ ಹಣೆಗೆ ಒದ್ದೆಬಟ್ಟೆ ಹಾಕುತ್ತಾ “ನೀರು ತೆಗ್ದಾಗ ಹಂಗೇ ಆಗುತ್ತಂತೆ ಅಕ್ಕ” ಅಂದೆ. ಹಂಗೇ ಆಗುತ್ತಂತೆ! ಎಷ್ಟು ಸಲೀಸಾಗಿ ಬಂತು ನಿನ್ನ ಬಾಯಲ್ಲಿ ಆ ‘ಅಂತೆ’. ನಾನು ನಂಬಿದೆ. ನಿನ್ನನ್ನು ನಂಬದೆ ಇನ್ಯಾರನ್ನು ನಂಬಲಿ?

ಇಷ್ಟೇ ಆಗಿದ್ದರೆ ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. ಆಗ ನೀರು ಮತ್ತೆ ತುಂಬಲಿಲ್ಲ ನೋಡು, ಅಲ್ಲಿಂದ ಶುರುವಾಯಿತು ನನ್ನ ಪೆದ್ದುತನ. ಉಸಿರು ಎಳೆದರೆ ಮೂರು ಚೆಂಡು ಮೇಲೇಳುವ ಆ ಪ್ಲಾಸ್ಟಿಕ್ ಆಟಿಕೆ ಕೊಟ್ಟಿದ್ದರಲ್ಲ, ನಾನು ಅದನ್ನು ಬೆಳಿಗ್ಗೆ ಸಂಜೆ ಬಿಡದೆ ಎಳೆದೆ. ಅದರಿಂದಲೇ ನೀರು ನಿಂತಿತು ಎಂದು ನಂಬಿದೆ. ಊರೆಲ್ಲ ಹೇಳಿಕೊಂಡು ತಿರುಗಿದೆ. ಡಾಕ್ಟರು ಪೌಡರ್ ಹಾಕಲೇಬೇಕು ಅಂದರು, ನಾನು ಬೇಡ ಅಂದೆ, ನೋಡಿ, ಒಂದು ತೊಟ್ಟು ನೀರಿಲ್ಲ! ನಿನ್ನ ಎದುರಿಗೇ ಎಷ್ಟು ಸಲ ಹೀಗೆ ಎದೆ ತಟ್ಟಿಕೊಂಡಿಲ್ಲ ನಾನು. ನೀನು ಟೀ ಬಸಿಯುತ್ತಾ “ಹೌದಕ್ಕ, ನಿನ್ನ ಛಲ ಯಾರಿಗಿದೆ” ಅನ್ನುತ್ತಿದ್ದೆ. ನಿನ್ನ ಗಂಡ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದ. ಅವನಿಗೂ ಗೊತ್ತಿತ್ತು. ನಿಮ್ಮನೆಯ ಬೆಕ್ಕಿಗೂ ಗೊತ್ತಿತ್ತೇನೋ. ಗೊತ್ತಿಲ್ಲದವಳು ನಾನೊಬ್ಬಳೇ, ಎದೆಯ ಒಡತಿ.

ಊರಿಗೆ ವಾಪಸ್ ಬಂದು ಅಲ್ಲಿ ಶುರು ಮಾಡಿದ್ದ ಕ್ಯಾನ್ಸರ್ ಔಷಧಿಯ ಡ್ರಿಪ್ಪನ್ನು ಇಲ್ಲಿನ ಆಸ್ಪತ್ರೆಯಲ್ಲಿ ಮುಂದುವರಿಸಿದೆ. ಅಲ್ಲಿಂದ ಕೊಟ್ಟ ಬಿಡುಗಡೆ ಚೀಟಿ ಎಲ್ಲಿ ಎಂದು ಇಲ್ಲಿನ ಡಾಕ್ಟರಮ್ಮ ಕೇಳಿದಾಗ, ನೀನು ಫೋನಿನಲ್ಲಿ ಅದು ಆಟೋದಲ್ಲಿ ಬಿದ್ದುಹೋಯಿತು ಅಂದೆ. ಈಗ ಅರ್ಥವಾಗುತ್ತಿದೆ ಅದು ಯಾಕೆ ಬಿದ್ದುಹೋಯಿತು ಎಂದು. ಪರೀಕ್ಷೆಯ ಫಲಿತಾಂಶ, ಔಷಧಿಯ ವಿವರ ಎರಡನ್ನು ಮಾತ್ರ ಜೋಪಾನವಾಗಿ ಕಳಿಸಿದೆ. ಡಾಕ್ಟರಮ್ಮನಿಗೆ ಅಷ್ಟು ಸಾಕಾಯಿತು. ಒಳ್ಳೆಯವರು, ಮಾತು ಕಡಿಮೆ, ಕೈ ತಣ್ಣಗೆ. ಔಷಧಿ ಹಿಡಿಯಿತು. ನಾನು ಮತ್ತೆ ಮೆಟ್ಟಿಲು ಹತ್ತಿದೆ, ಮತ್ತೆ ಮಷೀನಿನ ಮುಂದೆ ಕೂತು ಪರದೆ ಹೊಲಿದೆ.

ಒಂದು ದಿನ ಡಾಕ್ಟರಮ್ಮ ದೊಡ್ಡ ಸ್ಕ್ಯಾನ್ ಮಾಡಿಸೋಣ ಅಂದರು. ಅಲ್ಲಿಯವರೆಗೆ ಮಾಮೂಲಿ ಎಕ್ಸ್-ರೇಯಲ್ಲೇ ಕಾಲ ತಳ್ಳಿದ್ದರು. ಈ ಸ್ಕ್ಯಾನಿಗೆ ಮೊದಲು ಒಂದು ಬಗೆಯ ಸಕ್ಕರೆ ನೀರನ್ನು ರಕ್ತಕ್ಕೆ ಕೊಡುತ್ತಾರೆ. ಮೈಯೊಳಗೆ ಎಲ್ಲಿ ಜೀವಕೋಶಗಳು ಅತಿಯಾಗಿ ಸಕ್ಕರೆ ತಿನ್ನುತ್ತವೋ ಅಲ್ಲಿ ಚಿತ್ರದಲ್ಲಿ ಉರಿಯುತ್ತದೆ. ಕ್ಯಾನ್ಸರಿಗೆ ಹಸಿವು ಹೆಚ್ಚು, ಆದ್ದರಿಂದ ಅದು ಹೊಳೆಯುತ್ತದೆ. ಒಂಟಿ ಕುರ್ಚಿಯ ಸಣ್ಣ ಕೋಣೆಯಲ್ಲಿ ಮಾತಾಡದೆ ಕೂರಿಸಿದರು, ಆಮೇಲೆ ಕೊಳವೆಯೊಳಗೆ ಮಲಗಿಸಿದರು. ಬಟ್ಟೆ ಹಾಕಿಕೊಂಡು ಹೊರಗೆ ಬಂದರೆ ಚಿತ್ರ ಓದುವ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಕನ್ನಡಕ ತಲೆಯ ಮೇಲೆ, ಕನ್ನಡಕ ಹುಡುಕುತ್ತಿರುವ ಮುಖ. “ಯಾವಾಗಾದ್ರೂ ನಿಮ್ಮ ಎದೆಯೊಳಗೆ ಪೌಡರ್ ಹಾಕಿದ್ರಾ?” ಎಂದು ಕೇಳಿದರು.

ನಾನು ಹೇಗೆ ಉತ್ತರ ಕೊಟ್ಟೆ ಗೊತ್ತಾ? ಹೆಮ್ಮೆಯಿಂದ. “ಹಾಕೋಕೆ ಬಂದಿದ್ರು, ನಾನೇ ಬಿಡಲಿಲ್ಲ!” ಅಂದೆ. ಅವರು ನಕ್ಕರು. ಹಾಗೇ ಬರೆದುಕೊಂಡರು.

ಆಮೇಲೆ ಡಾಕ್ಟರಮ್ಮ ನನ್ನನ್ನು ಕೂರಿಸಿ ಚಿತ್ರ ತೋರಿಸಿದರು. ಬಲಗಡೆ ಎದೆಯ ಸುತ್ತ, ಬೆನ್ನಿನ ಹತ್ತಿರ, ಕೆಳಗೆ ಎದೆಗೂ ಹೊಟ್ಟೆಗೂ ನಡುವಿನ ವಪೆಯ ಅಂಚಿನಲ್ಲಿ, ಸಾಲುಸಾಲಾಗಿ ಗಂಟುಗಳು, ಒಂದೊಂದೂ ಕೆಂಡದ ಹಾಗೆ. ಕಾಯಿಲೆ ಹರಡಿದೆ, ಈ ಔಷಧಿ ಇನ್ನು ಕೆಲಸ ಮಾಡುತ್ತಿಲ್ಲ, ಸುಮ್ಮನೆ ದೇಹಕ್ಕೆ ಹಿಂಸೆ ಕೊಡುವುದು ಬೇಡ ಎಂದು ಮೆಲ್ಲಗೆ ಹೇಳಿದರು. ಡ್ರಿಪ್ ನಿಂತಿತು. ನೋವಿಗೆ ಮಾತ್ರೆ, ನಿದ್ದೆಗೆ ಮಾತ್ರೆ, ಮನೆಗೆ ಹೋಗಿ ಅಂದರು. ನಾನು ಕೈಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟಾಪಿನಲ್ಲಿ ಕೂತೆ. ಬಂದ ಬಸ್ಸುಗಳನ್ನೆಲ್ಲ ಹೋಗಲು ಬಿಟ್ಟೆ.

ಅವತ್ತು ಸಂಜೆ ನಿನಗೆ ಫೋನ್ ಮಾಡಿದೆ. ಈಗ ನೀನು ಗಮನವಿಟ್ಟು ಓದು, ಯಾಕೆಂದರೆ ಮಿಕ್ಕಿದ್ದೆಲ್ಲವನ್ನೂ ನಾನು ಎಂದಾದರೂ ಒಂದು ದಿನ ಹೊಟ್ಟೆಗೆ ಹಾಕಿಕೊಂಡೇನು, ಇದೊಂದನ್ನು ಹೇಗೆ ಹಾಕಿಕೊಳ್ಳಲಿ ಎಂದು ನನಗೆ ತಿಳಿಯುತ್ತಿಲ್ಲ. ಹರಡಿದೆಯಂತೆ ಅಂದೆ. ನೀನು ಅತ್ತೆ. ನಿನ್ನನ್ನು ನಗಿಸಲು ನಾನೇ ತಮಾಷೆ ಮಾಡಿದೆ. ಕನ್ನಡಕ ತಲೆ ಮೇಲಿಟ್ಟುಕೊಂಡು ಕನ್ನಡಕ ಹುಡುಕೋ ಡಾಕ್ಟರೊಬ್ಬರು ಪೌಡರ್ ಹಾಕಿದ್ರಾ ಪೌಡರ್ ಹಾಕಿದ್ರಾ ಅಂತ ತಲೆ ತಿಂದರು ಕಣೇ, ನಾನೇನು ಮಗುವಾ ಪೌಡರ್ ಹಾಕೋಕೆ, ಅಂದೆ. ನಿನ್ನ ಅಳು ಥಟ್ಟನೆ ನಿಂತಿತು. ನನಗೆ ಚೆನ್ನಾಗಿ ನೆನಪಿದೆ, ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಆಮೇಲೆ “ಅಕ್ಕ, ಒಲೆ ಮೇಲೆ ಹಾಲಿಟ್ಟಿದೀನಿ” ಎಂದು ಫೋನ್ ಇಟ್ಟುಬಿಟ್ಟೆ.

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಾಕಿದ್ರು ಅಕ್ಕ, ಕ್ಷಮಿಸು, ಅಂದಿದ್ದರೆ ನಾನು ಕೂಗಾಡುತ್ತಿದ್ದೆ, ನಿನ್ನ ಏಳು ತಲೆಮಾರನ್ನು, ಅಂದರೆ ನನ್ನದನ್ನೂ ಸೇರಿಸಿ, ಬೈದು, ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನೀನು ಅನ್ನಲಿಲ್ಲ. ನನ್ನ ಸಾವಿಗಿಂತ ನನ್ನ ಸಿಟ್ಟಿಗೆ ಹೆಚ್ಚು ಹೆದರಿದೆ. ಇದಕ್ಕೆ ಪ್ರೀತಿ ಎಂದು ಹೆಸರಿಡಬೇಡ.

ಸ್ವಲ್ಪ ನಿಲ್ಲಿಸುತ್ತೇನೆ. ಸಿಟ್ಟಿಗೆ ಉಸಿರು ಹತ್ತುತ್ತಿದೆ.

ಬುಧವಾರ

ನಿನ್ನೆ ಮುಂದೆ ಬರೆಯಲಾಗಲಿಲ್ಲ. ಓದಿ ನೋಡಿದೆ, ಒಂದು ಮಾತನ್ನೂ ತೆಗೆಯುವುದಿಲ್ಲ.

ಸಾಯುವವಳು ಏನು ಮಾಡುತ್ತಾಳೋ ಅದನ್ನೆಲ್ಲ ನಾನು ಮಾಡಿ ಮುಗಿಸಿದೆ. ಬೀರು ಖಾಲಿ ಮಾಡಿದೆ. ಚಳಿಗಾಲದ ಕೋಟನ್ನು ಪಕ್ಕದ ಮನೆಯಾಕೆಗೆ ಕೊಟ್ಟೆ, ಮುಂದಿನ ಚಳಿಗಾಲ ನನಗಿಲ್ಲ ಎಂದು. ಮಷೀನನ್ನು ಮೂಲೆಯಂಗಡಿಯ ಸೋಫಾ ಹೊಲಿಯುವವಳಿಗೆ ಕೊಟ್ಟೆ. ಅವಳು ಬೇಡ ಬೇಡ ಅನ್ನುತ್ತಲೇ ಕೈಗಾಡಿ ತಂದಿದ್ದಳು. ಈಗ ನಾನು ಬದುಕಿದ್ದೇನೆ, ಸದ್ಯಕ್ಕೆ ಸಾಯುವುದಿಲ್ಲವಂತೆ, ಮಷೀನು ವಾಪಸ್ ಕೊಡು ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಮೊನ್ನೆ ಅಂಗಡಿಯ ಮುಂದೆ ಹಾದುಹೋದೆ. ಹಸಿರು ಬಣ್ಣ ಹೊಡೆಸಿದ್ದಾಳೆ. ನನ್ನನ್ನು ನೋಡಿ ಖುಷಿಪಡಬೇಕೋ ಬೇಡವೋ ತಿಳಿಯದೆ ಮಷೀನಿನ ಮೇಲೆ ಬಟ್ಟೆ ಮುಚ್ಚಿದಳು.

ಇಷ್ಟರ ನಡುವೆ ಚಿತ್ರದ ಡಾಕ್ಟರಿಗೆ ಸಮಾಧಾನವಿರಲಿಲ್ಲವಂತೆ. ಆ ಚಿತ್ರ ಅವರ ಕಣ್ಣಿಗೆ ವಿಚಿತ್ರವಾಗಿ ಕಂಡಿತ್ತು. ಮತ್ತೆ ಕರೆಸಿದರು. ಎರಡು ಪರದೆಯ ಮೇಲೆ ಎರಡು ಬಗೆಯ ಚಿತ್ರ ಇಟ್ಟು ತೋರಿಸಿದರು. ಒಂದರಲ್ಲಿ ಗಂಟುಗಳು ಉರಿಯುತ್ತಿವೆ. ಇನ್ನೊಂದು ಬಣ್ಣವಿಲ್ಲದ ಚಿತ್ರ, ಅದರಲ್ಲಿ ಅವೇ ಗಂಟುಗಳು ಮೂಳೆಯಷ್ಟೇ ಬೆಳ್ಳಗಿವೆ. ಕ್ಯಾನ್ಸರಿನ ಗಂಟು ಮಾಂಸದ ಹಾಗೆ ಬೂದುಬೂದಾಗಿ ಕಾಣುತ್ತದೆ, ಇಷ್ಟು ಬಿಳಿ ಇರುವುದಿಲ್ಲ ಎಂಬುದು ಅವರ ತಕರಾರು. ಪೌಡರ್ ಹಾಕಿದ ಜಾಗವನ್ನು ದೇಹ ವರ್ಷಗಟ್ಟಲೆ ಹೊರಗಿನದು ಎಂದು ಕಚ್ಚಾಡುತ್ತಲೇ ಇರುತ್ತದೆ. ಕಚ್ಚಾಡಲು ಸಕ್ಕರೆ ಬೇಕು, ಅದಕ್ಕೇ ಅದೂ ಉರಿಯುತ್ತದೆ. ಆದ್ದರಿಂದ ಇನ್ನೊಮ್ಮೆ ಕೇಳ್ತೀನಿ ತಾಯಿ, ಎಂದು ಕೇಳಿದರು.

ನಾನು ರೇಗಿದೆ. ಪ್ರಮಾಣ ಮಾಡಿ ಹೇಳ್ತೀನಿ, ನನ್ನ ತಂಗಿ ಸಾಕ್ಷಿ, ಪಕ್ಕದಲ್ಲೇ ನಿಂತಿದ್ದಳು, ಬೇಕಾದ್ರೆ ಅವಳನ್ನೇ ಕೇಳಿ, ಅಂದೆ. ಕೇಳಿಸಿತಾ? ನಿನ್ನನ್ನು ಸಾಕ್ಷಿಗೆ ಕರೆದೆ ನಾನು! ಬಿಳಿ ಕಾಣುವುದು ನಮ್ಮ ವರ್ಕ್‌ಶಾಪಿನ ಧೂಳೇ ಇರಬೇಕು ಎಂದು ಅವರಿಗೇ ಪಾಠ ಹೇಳಿದೆ. ಹಾಗಾದ್ರೆ ಒಂದು ಸೂಜಿ ಚುಚ್ಚಿ ನೋಡಿಬಿಡೋಣ ಅಂದರು. ಸಾಯುವವಳಿಗೆ ಇದೊಂದು ಯಾಕೆ ಅನ್ನಿಸಿತು. ಆದರೂ ಅವರ ಬಾಯಿ ಮುಚ್ಚಿಸಲಿಕ್ಕಾದರೂ ಆಗಲಿ ಎಂದು ಒಪ್ಪಿಕೊಂಡೆ.

ಸೂಜಿಯ ತುದಿಯಲ್ಲಿ ಕ್ಯಾನ್ಸರ್ ಬರಲಿಲ್ಲ. ಪೌಡರ್ ಬಂತು. ಒಂದು ಕಡೆಯಲ್ಲ, ಚುಚ್ಚಿದ ಎರಡೂ ಕಡೆ.

ಡಾಕ್ಟರಮ್ಮ ಅದನ್ನು ಹೇಳಿದಾಗ ನಾನು ಅವರನ್ನು ಸುಳ್ಳುಗಾತಿ ಅಂದೆ. ಬೇರೆ ಯಾರದೋ ಚೂರು ಅದಲುಬದಲಾಗಿದೆ ಅಂದೆ. ಅವರು ಸಿಟ್ಟು ಮಾಡಿಕೊಳ್ಳದೆ ನಿಮ್ಮೂರಿನ ಸರ್ಜನ್ನಿಗೆ ಫೋನ್ ಹಚ್ಚಿ, ನನಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು. ಆ ಮನುಷ್ಯ ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು. “ಓ, ಅವರಾ? ಬೇಡ ಅಂತ ಗಲಾಟೆ ಮಾಡಿದ್ರು. ಆಮೇಲೆ ತಂಗಿ ಒಪ್ಪಿದ್ರಲ್ಲ, ಹಾಕಿದ್ವಿ.” ಇಷ್ಟೇ, ಗುಂಡಿ ಬದಲಾಯಿಸಿದ ದರ್ಜಿಯಷ್ಟು ಸಲೀಸಾಗಿ. ಆಗ ಡಾಕ್ಟರಮ್ಮನ ಮುಂದೆ ನನಗಾದ ಅವಮಾನ ನಿನಗೆ ತಿಳಿಯುವುದಿಲ್ಲ. ಕಾಯಿಲೆ ಹರಡಿಲ್ಲ ಎಂಬ ಸುದ್ದಿಗೆ ಖುಷಿಪಡಬೇಕಾದ ಗಳಿಗೆಯಲ್ಲಿ ನಾನು ಮೇಜಿನ ಅಂಚು ಹಿಡಿದು, ನನ್ನ ಮಾತಿಗೆ ಬೆಲೆಯೇ ಇಲ್ಲವಾ ಎಂದು ಹುಚ್ಚಿಯ ಹಾಗೆ ಕೂಗುತ್ತಿದ್ದೆ. ನನ್ನ ಜೀವ ವಾಪಸ್ ಸಿಕ್ಕಿದ ದಿನವನ್ನೂ ನೀನು ನನಗೆ ಬಿಡಲಿಲ್ಲ.

ಇನ್ನೂ ಒಂದಿದೆ. ಡ್ರಿಪ್ ಹಾಕುವ ಹಾಲಿನಲ್ಲಿ ನನ್ನ ಪಕ್ಕದ ಕುರ್ಚಿಯವರು ಲಾರಿ ಓಡಿಸುತ್ತಿದ್ದವರು. ಕಲ್ನಾರು ಬೆರೆಸಿದ ಬ್ರೇಕಿನ ಪಟ್ಟಿ ತಾವೇ ಉಜ್ಜಿ ಕೂರಿಸಿಕೊಳ್ಳುತ್ತಿದ್ದರಂತೆ, ಅವರಿಗೂ ನನ್ನದೇ ಕಾಯಿಲೆ. ಒಳ್ಳೆಯ ಮನುಷ್ಯ, ನರ್ಸು ಸೂಜಿ ತಂದಾಗಲೆಲ್ಲ ಹಾರನ್ ಹೊಡೆದ ಹಾಗೆ ಸದ್ದು ಮಾಡಿ ಎಲ್ಲರನ್ನೂ ನಗಿಸುತ್ತಿದ್ದರು. ಅವರಿಗೂ ನೀರು ತುಂಬಿತು, ಅವರಿಗೂ ಪೌಡರ್ ಅಂದರು. ಅವರು ನನ್ನನ್ನು ಕೇಳಿದರು. ನಾನು ಎದೆ ತಟ್ಟಿಕೊಂಡು ಹೇಳಿದೆ, “ಬೇಡ ಅನ್ನಿ. ನನ್ನ ನೋಡಿ. ಬರೀ ಉಸಿರಿನ ಚೆಂಡಲ್ಲೇ ವಾಸಿ ಮಾಡ್ಕೊಂಡೆ.” ಅವರು ನಂಬಿದರು. ಬೇಡ ಅಂದರು. ಅಲ್ಲಿಂದ ಇಲ್ಲಿಯವರೆಗೆ ವಾರವಾರ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು ನೀರು ತೆಗೆಸಿಕೊಳ್ಳುತ್ತಿದ್ದಾರೆ. ಈಗ ಶ್ವಾಸಕೋಶ ಮುದುಡಿಹೋಗಿದೆ, ಇನ್ನು ಪೌಡರ್ ಹಾಕಿದರೂ ಅಂಟುವುದಿಲ್ಲವಂತೆ. ಹಾರನ್ ನಿಂತುಹೋಗಿದೆ.

ನೀನು ಒಬ್ಬಳಿಗೆ ಸುಳ್ಳು ಹೇಳಿದೆ ಎಂದುಕೊಂಡಿದ್ದೀಯ. ಆ ಸುಳ್ಳು ನನ್ನ ಬಾಯಿಂದ ನಡೆದುಹೋಗಿ ಇನ್ನೊಬ್ಬರ ಎದೆಯಲ್ಲಿ ಕೂತಿದೆ. ಮೊನ್ನೆ ಸೋಮವಾರ ನಾನೇ ಹೋಗಿ ಅವರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದು ಮೈ ಗಟ್ಟಿ ಮಾಡಿಕೊಂಡಿದ್ದೆ. ಅವರು, “ನಂಗೂ ಬಾಗ್ಲು ಹತ್ರ ಅಂಥೋಳು ಒಬ್ಳು ನಿಂತಿದ್ರೆ ಆಗ್ತಿತ್ತು,” ಅಂದರು.

ನನಗೆ ಅವರ ಮೇಲೂ ಸಿಟ್ಟು ಬಂತು. ಎಲ್ಲರೂ ನಿನ್ನ ಕಡೆಯೇ! ಡಾಕ್ಟರಮ್ಮ ಕೂಡ ಅದನ್ನೇ ಸುತ್ತಿ ಬಳಸಿ ಹೇಳಿದರು, ಆ ಪೌಡರ್ ಇಲ್ಲದಿದ್ದರೆ ನೀವು ಇಷ್ಟು ದಿನ ಮೆಟ್ಟಿಲು ಹತ್ತುತ್ತಿರಲಿಲ್ಲ ಎಂದು. ಗೊತ್ತು. ನನಗೂ ಗೊತ್ತು. ನಾನು ಹೊಲಿದ ಒಂದೊಂದು ಪರದೆಯ ಹಿಂದೆಯೂ, ನಾನು ಎಳೆದ ಒಂದೊಂದು ಉಸಿರಿನ ಹಿಂದೆಯೂ ನಿನ್ನ ಆ ‘ಹಾಕ್ಬಿಡಿ’ ಇದೆ. ನೀನು ಮಾಡಿದ್ದು ತಪ್ಪಾಗಿ, ಅದರಿಂದ ನನಗೆ ಕೆಟ್ಟದ್ದೇ ಆಗಿದ್ದಿದ್ದರೆ ನನ್ನ ಸಿಟ್ಟು ನೆಟ್ಟಗಿರುತ್ತಿತ್ತು. ಈಗ ಅದಕ್ಕೆ ಕಾಲೂರಲು ಜಾಗವಿಲ್ಲ. ಅದರಿಂದ ಇನ್ನಷ್ಟು ಸಿಟ್ಟು ಬರುತ್ತದೆ. ಔಷಧಿ ಒಳ್ಳೆಯದಿತ್ತು, ಒಪ್ಪುತ್ತೇನೆ. ನಾನು ಹೆದರಿ ಬೇಡ ಅಂದಿದ್ದೆ, ಅದನ್ನೂ ಒಪ್ಪುತ್ತೇನೆ. ಆದರೂ ಆ ಬೇಡ ನನ್ನದಾಗಿತ್ತು. ಎಚ್ಚರವಾದ ಮೇಲೆ ನನ್ನ ಮುಖ ನೋಡಿ, ನಿನ್ನ ಮಾತು ಮೀರಿದೆ ಅಕ್ಕ ಎಂದು ಹೇಳುವುದು ನಿನ್ನದಾಗಿತ್ತು.

ಮುಂದಿನ ಸೋಮವಾರದಿಂದ ಡ್ರಿಪ್ ಮತ್ತೆ ಶುರು ಮಾಡೋಣ ಅಂದಿದ್ದಾರೆ. ನಿಲ್ಲಿಸಿದ್ದ ವಾರಗಳಲ್ಲಿ ಎಷ್ಟು ನಷ್ಟವಾಯಿತು ಎಂದು ಕೇಳಿದರೆ ಡಾಕ್ಟರಮ್ಮ ನೇರ ಉತ್ತರ ಕೊಡಲಿಲ್ಲ. ನಾನು ಒತ್ತಾಯಿಸಲಿಲ್ಲ. ನನ್ನ ಕೋಟನ್ನು ಪಕ್ಕದ ಮನೆಯಾಕೆ ತಾನಾಗಿಯೇ ತಂದು ಕೊಟ್ಟಳು, ಒಗೆದು, ಇಸ್ತ್ರಿ ಮಾಡಿ. ನೀನು ಹಣ್ಣಿನ ಬುಟ್ಟಿ ಗಿಣ್ಣಿನ ಬುಟ್ಟಿ ಏನನ್ನೂ ಕಳಿಸಬೇಡ. ನಿನ್ನ ಗಂಡನ ಕೈಯಲ್ಲಿ ಫೋನ್ ಮಾಡಿಸಿ ರಾಯಭಾರ ನಡೆಸಬೇಡ. ಅವನು ಮೊನ್ನೆ ನಿನ್ನ ಪರವಾಗಿ “ಅವಳು ಊಟಾನೇ ಬಿಟ್ಟಿದಾಳೆ ಅಕ್ಕ” ಅಂದ. ಉಣ್ಣಲು ಹೇಳು. ನನ್ನ ಮೇಲೆ ಇನ್ನೊಂದು ಭಾರ ಹೊರಿಸಬೇಡ.

ಇಷ್ಟೆಲ್ಲ ಬರೆದರೂ ಹಗುರಾಗಿಲ್ಲ. ಬರೆದರೆ ಹಗುರಾಗುತ್ತದೆ ಅನ್ನುವವರನ್ನು ಕರೆತಂದು ಈ ಕುರ್ಚಿಯಲ್ಲಿ ಕೂರಿಸಬೇಕು.

ಇಂತಿ,
ಸಿಟ್ಟು ಇಳಿಯದ,
ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಹಾಗೆ ಮುಚ್ಚಿಟ್ಟರೆ ನನಗೂ ನಿನಗೂ ವ್ಯತ್ಯಾಸ ಉಳಿಯುವುದಿಲ್ಲ. ಎದೆಯ ಎಡಗಡೆ, ಪೌಡರ್ ಇಲ್ಲದ ಕಡೆ, ನೀರು ತುಂಬಿದೆ. ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ಅದರಲ್ಲಿ ಏನಿದೆ ಎಂದು ಇನ್ನೂ ತಿಳಿದಿಲ್ಲ. ಸೋಮವಾರ ಡ್ರಿಪ್ ಅಲ್ಲ, ಮೊದಲು ಇದು: ಅರಿವಳಿಕೆ ಕೊಟ್ಟು ನೀರು ತೆಗೆಯುತ್ತಾರೆ. ಎಡಗಡೆಗೆ ಪೌಡರ್ ಹಾಕಿ ಎಂದು ನಾನೇ ಹೇಳಿದ್ದೇನೆ, ಸಹಿಯೂ ನಾನೇ ಮಾಡಿದ್ದೇನೆ. ಇನ್ನೊಂದು ಮಾತನ್ನೂ ಹೇಳಿದ್ದೇನೆ. ಒಳಗೆ ಏನಾದರೂ ಕೆಟ್ಟು, ನನ್ನ ಉಸಿರು ನಿಂತರೆ, ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸುವುದು ಬೇಡ. ಡಾಕ್ಟರಮ್ಮ ಬರೆದುಕೊಂಡರು. ಆದರೂ ಅಂಥ ಹೊತ್ತಿನಲ್ಲಿ ಯಾರೋ ಒಬ್ಬರು ಬಾಗಿಲು ತೆಗೆದು ಹೊರಗೆ ಬಂದು, ಅಲ್ಲಿ ನಿಂತವರನ್ನೇ ಕೇಳುತ್ತಾರೆ. ಆಗ ಅಳದೆ, ನಿನ್ನ ಮಾತನ್ನಲ್ಲ, ನನ್ನ ಮಾತನ್ನು ಹೇಳಲು ನಿನ್ನ ಕೈಲಾಗುತ್ತದಾ? ಆಗುವುದಾದರೆ ಭಾನುವಾರವೇ ಹೊರಟು ಬಾ. ಆಗುವುದಿಲ್ಲವಾದರೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳು. ಲಾರಿಯವರು ನಿಲ್ಲುತ್ತೇನೆ ಅಂದಿದ್ದಾರೆ.